ವಪೆಯ ಹರ್ನಿಯಾ: ಶಸ್ತ್ರಚಿಕಿತ್ಸೆಗೆ ಕಾಯುವುದು ಸರಿಯೇ?

ತೀರ್ಥಹಳ್ಳಿಯ ತಂದೆ: ಎರಡು ದಿನದ ನಮ್ಮ ಮಗುವಿನ ಎಕ್ಸ್‌ರೇಯಲ್ಲಿ ಹೃದಯ ಬಲಕ್ಕೆ ಸರಿದು, ಎಡ ಎದೆಯಲ್ಲಿ ಕರುಳಿನ ಸುರುಳಿಗಳು ಕಾಣುತ್ತಿವೆ. ಶಿವಮೊಗ್ಗದ ವೈದ್ಯರು ಶಸ್ತ್ರಚಿಕಿತ್ಸೆ ಈಗಲೇ ಬೇಡವೆನ್ನುತ್ತಾರೆ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಒಯ್ಯಬೇಕೆ?

ಮಕ್ಕಳ ಶಸ್ತ್ರಚಿಕಿತ್ಸಕ: ಅವರ ಮಾತು ಸರಿ. ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ಸ್ನಾಯುಪರದೆಯಾದ ವಪೆಯಲ್ಲಿನ ರಂಧ್ರದಿಂದ ಕರುಳು ಎದೆಗೇರಿದೆ. ಆ ರಂಧ್ರಕ್ಕಿಂತ ದೊಡ್ಡ ತೊಡಕೆಂದರೆ ಗರ್ಭದಲ್ಲೇ ಬೆಳವಣಿಗೆ ಕುಂಠಿತವಾದ ಶ್ವಾಸಕೋಶ ಮತ್ತು ಅದರ ರಕ್ತನಾಳಗಳಲ್ಲಿನ ಅಧಿಕ ಒತ್ತಡ. ಎಕೋ (ಹೃದಯದ ಸ್ಕ್ಯಾನ್) ನೋಡಿ, ಉಸಿರಾಟವೂ ರಕ್ತದೊತ್ತಡವೂ ಸ್ಥಿರವಾದ ಮೇಲೆಯೇ ನಾವು ಕರುಳನ್ನು ಹೊಟ್ಟೆಗಿಳಿಸಿ ರಂಧ್ರವನ್ನು ಹೊಲಿಯುತ್ತೇವೆ. ಅಂಚುಗಳು ಕೂಡದಿದ್ದರೆ ತೇಪೆ ಹಾಕುತ್ತೇವೆ. ವೆಂಟಿಲೇಟರ್ ಇಲ್ಲದ ವಾಹನದಲ್ಲಂತೂ ಘಾಟಿ ಇಳಿಸಬೇಡಿ.

ಸಾಗರದ ನರ್ಸ್: ಮೂಗಿನ ನಳಿಕೆಯಲ್ಲಿ ಹಸಿರು ಪಿತ್ತ ಕಂಡರೆ ಗಾಬರಿಯಾಗಬೇಡಿ, ಜಠರವನ್ನು ಬರಿದಾಗಿಡಲೆಂದೇ ಅದನ್ನು ಹಾಕಿರುತ್ತಾರೆ. ಇಂಥ ಮಗುವಿಗೆ ಮಾಸ್ಕಿನಿಂದ ಗಾಳಿ ಒತ್ತಿದರೆ ಕರುಳು ಉಬ್ಬಿ ಉಸಿರು ಇನ್ನಷ್ಟು ಕಟ್ಟುತ್ತದೆ.

ಇನ್ನೊಬ್ಬ ತಾಯಿ: ನಮ್ಮ ಮಗಳದ್ದು ಎರಡನೇ ವರ್ಷದಲ್ಲಿ ತಿಳಿಯಿತು, ಅಲ್ಲಿಯವರೆಗೆ ನ್ಯುಮೋನಿಯಾ ಎಂದೇ ಔಷಧ ಕೊಟ್ಟಿದ್ದರು.