ಅರವಿಂದರ ‘ಯಾವುದನ್ನೂ ಕಲಿಸೋಕೆ ಬರಲ್ಲ’: ಕ್ಲಾಸಿನಲ್ಲಿ ಹೇಗೆ?

ಪ್ರಶ್ನೆ (ಶಿಕ್ಷಕಿ, ಸಿಂಧನೂರು):
ನಾನು ಇಲ್ಲಿನ ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಬಿ.ಎಡ್.ನಲ್ಲಿ ಶ್ರೀ ಅರವಿಂದರ ಮೂರು ತತ್ವ ಬಾಯಿಪಾಠ ಮಾಡಿ ಪರೀಕ್ಷೆಗೆ ಬರೆದಿದ್ದೆ. ಯಾವುದನ್ನೂ ಕಲಿಸಲು ಬರುವುದಿಲ್ಲ. ಮಗುವಿನ ಮನಸ್ಸನ್ನು ಕೇಳಿಕೊಂಡೇ ಮುಂದೆ ಹೋಗಬೇಕು. ಹತ್ತಿರದಿಂದ ದೂರಕ್ಕೆ ಸಾಗಬೇಕು. ಈಗ ತುಂಬಿದ ಕ್ಲಾಸಿನ ಮುಂದೆ ನಿಂತಾಗ ಮೊದಲನೆಯದೇ ತಲೆ ತಿನ್ನುತ್ತಿದೆ. ಕಲಿಸೋಕೇ ಬರಲ್ಲ ಅಂದರೆ ನಾನು ಅಲ್ಲಿ ಮಾಡುವುದೇನು? ಸುಮ್ನೆ ಬಿಟ್ಟರೆ ಪೋರ್ಷನ್ ಮುಗಿಯಲ್ಲ. ಮುಂದಿನ ವಾರ ಅಶೋಕನ ಪಾಠ ಇದೆ. ನೋಟ್ಸ್ ಬರೆಸಿ ಕೈತೊಳೆದುಕೊಳ್ಳಲು ಮನಸ್ಸಿಲ್ಲ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ (ನಿವೃತ್ತ ಶಿಕ್ಷಕ, ಲಿಂಗಸುಗೂರು):
ಮೇಡಂ, ಅವರ ಮುಂದಿನ ಮಾತು ಓದಿದರೆ ಅಲ್ಲೇ ಉತ್ತರ ಇದೆ. ಮೇಷ್ಟ್ರ ಕೆಲಸ ದಾರಿ ತೋರಿಸಿ ನೆರವಾಗುವುದು, ತಿಳಿವಳಿಕೆಯನ್ನು ತಲೆಗೆ ತುಂಬುವುದಲ್ಲ ಅಂತಾರೆ. ಇದು 1910ರ ಆಸುಪಾಸಿನಲ್ಲಿ ‘ಕರ್ಮಯೋಗಿನ್’ ಪತ್ರಿಕೆಗೆ ಬರೆದದ್ದು. ಅಷ್ಟೊತ್ತಿಗೆ ಬರೋಡಾ ಕಾಲೇಜಿನಲ್ಲಿ ಪಾಠ ಮಾಡಿ, ಕಲ್ಕತ್ತೆಯ ರಾಷ್ಟ್ರೀಯ ಕಾಲೇಜಿಗೆ 1906ರಲ್ಲಿ ಪ್ರಿನ್ಸಿಪಾಲರೂ ಆಗಿದ್ದರು. ಕ್ಲಾಸ್‌ರೂಮ್ ಕಂಡವರ ಮಾತು ಇದು.

ಅಶೋಕನಿಗೆ ಪಾಟಲಿಪುತ್ರದಿಂದ ಶುರು ಮಾಡಬೇಡಿ. ಮಸ್ಕಿ ನಿಮ್ಮ ಪಕ್ಕದಲ್ಲೇ ಇದೆಯಲ್ವಾ! ಅದುವರೆಗೆ ಓದಿದ್ದ ಅಶೋಕನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದುಗಳಷ್ಟೇ ಇದ್ದವು. 1915ರಲ್ಲಿ ಮಸ್ಕಿ ಬಂಡೆಯ ಮೇಲೆ ಸಿಕ್ಕ ಶಾಸನದಲ್ಲಿ ‘ಅಸೋಕ’ ಅಂತ ಹೆಸರೇ ಇತ್ತು. ನಾನು ಶಾಸನದ ಚಿತ್ರ, ಅದರ ಹಳೆಯ ಲಿಪಿಯಾದ ಬ್ರಾಹ್ಮಿಯ ಅಕ್ಷರಗಳ ಪಟ್ಟಿ ಎರಡನ್ನೂ ಕೊಟ್ಟು ‘ರಾಜನ ಹೆಸರು ಹುಡುಕಿ’ ಅನ್ನುತ್ತಿದ್ದೆ. ಬ್ರಾಹ್ಮಿಯ ‘ಕ’ ನಮ್ಮ ಕೂಡಿಸುವ ಚಿಹ್ನೆ ಥರ ಇರುತ್ತದೆ. ಮಕ್ಕಳು ಮೊದಲು ಅದನ್ನು ಹಿಡಿಯುತ್ತಾರೆ, ಆಮೇಲೆ ಅದರ ಹಿಂದೆ ಮುಂದೆ ತಡಕುತ್ತಾರೆ. ಒಬ್ಬ ‘ಅಸೋಕ’ ಅಂತ ಓದಿದ ಅಂದರೆ ಇಡೀ ಕ್ಲಾಸು ಬೆಂಚು ಬಿಟ್ಟು ಎದ್ದು ಬರುತ್ತದೆ. ‘ಅಷ್ಟು ದೂರದ ರಾಜ ನಮ್ಮೂರ ಕಲ್ಲಿನ ಮೇಲೆ ಯಾಕೆ ಬರೆಸಿದ ಸರ್?’ ಅಂತ ಅವರೇ ಕೇಳುತ್ತಾರೆ. ಪಾಟಲಿಪುತ್ರದ ಮಾತು ಆಗ ಎತ್ತಿ.

ಉತ್ತರ (ಪೋಷಕರು, ಸಿರುಗುಪ್ಪ):
ನಮ್ಮ ತಾಲೂಕಿನ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಅಶೋಕನ ಹೆಸರಿದೆ, ಅದನ್ನೂ ಸೇರಿಸಿ.

ನನಗೆ ಎರಡನೇ ತತ್ವವೇ ದೊಡ್ಡದು. ಅದು ನಮ್ಮಂಥ ಅಪ್ಪ ಅಮ್ಮಂದಿರಿಗೆ ಹೇಳಿದ್ದು. ಅರವಿಂದರನ್ನು ಐಸಿಎಸ್ (ಬ್ರಿಟಿಷರ ಕಾಲದ ಉನ್ನತ ಸರ್ಕಾರಿ ಸೇವೆ) ಅಧಿಕಾರಿ ಮಾಡಬೇಕು ಅಂತ ಅವರ ತಂದೆ ಏಳನೇ ವಯಸ್ಸಿಗೇ ಇಂಗ್ಲೆಂಡಿಗೆ ಕಳಿಸಿದರು. ಕೊನೆಗೆ ಮಗ ಕುದುರೆ ಸವಾರಿ ಪರೀಕ್ಷೆಗೇ ಹೋಗಲಿಲ್ಲ, ಐಸಿಎಸ್ ಕೈತಪ್ಪಿತು. ತಮ್ಮ ಬಂಗಾಳಿಯನ್ನು ಗಟ್ಟಿ ಮಾಡಿಕೊಂಡದ್ದು 1893ರಲ್ಲಿ ಬರೋಡಾಕ್ಕೆ ಬಂದ ಮೇಲೆ. ಆದರೆ ಒಂದು ಮಾತು. 1943ರಲ್ಲಿ ಶುರುವಾದ ಪಾಂಡಿಚೇರಿ ಆಶ್ರಮದ ಶಾಲೆ ಡಿಗ್ರಿ, ಸರ್ಟಿಫಿಕೇಟು ಕೊಡುವುದಿಲ್ಲ. ನಮ್ಮ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಬೇಕೇ ಬೇಕು. ಹಾಗಾಗಿ ಅಲ್ಲಿನದೆಲ್ಲ ಇಲ್ಲಿ ನಡೆಯುತ್ತದೆ ಅಂತ ನಾನು ಹೇಳಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಎರಡು ಪೀರಿಯಡ್ ಇದಕ್ಕೇ ಇಡುತ್ತೇನೆ. ಸರ್, ಚಿತ್ರ ಒಬ್ಬೊಬ್ಬರಿಗೂ ಒಂದೊಂದು ಕೊಡುತ್ತಿದ್ರಾ?

ಉತ್ತರ (ಲಿಂಗಸುಗೂರು):
ನಾಲ್ವರಿಗೆ ಒಂದು ಹಾಳೆ ಸಾಕು. ಹಿಂದಿನ ಬೆಂಚಿನವರನ್ನು ಬೇರೆ ಬೇರೆ ಗುಂಪಿಗೆ ಹಂಚಿ, ಹಾಳೆ ಅವರ ಕೈಗೇ ಕೊಡಿ.