ಮಾಸ್ತರರ ಚೀಟಿಗಳ ಬಗ್ಗೆ ಎರಡು ಮಾತು

ನಮ್ಮ ನಾಣ್ಯ ಸಂಗ್ರಾಹಕರ ಬಳಗದ ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಮ್ಮ ಧಾರವಾಡದ ಮಾಸ್ತರರು ತೀರಿಕೊಂಡು ಇಂದಿಗೆ ಹನ್ನೊಂದು ದಿನವಾಯಿತು. ಭಾನುವಾರದ ಶ್ರದ್ಧಾಂಜಲಿ ಸಭೆಯಲ್ಲಿ ಅವರ ಬಗ್ಗೆ ಯಾರು ಮಾತನಾಡಬೇಕು ಎಂದು ನಿನ್ನೆ ರಾತ್ರಿ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಮಾಸ್ತರರು ಪುಸ್ತಕ ಬರೆದವರಲ್ಲ, ಪ್ರಶಸ್ತಿ ಪಡೆದವರೂ ಅಲ್ಲ, ಆದ್ದರಿಂದ ಭಾವಚಿತ್ರಕ್ಕೆ ಹಾರ ಹಾಕಿ ಎರಡು ನಿಮಿಷ ಮೌನ ಆಚರಿಸಿದರೆ ಸಾಕು ಎಂದು ಇನ್ನೊಬ್ಬರು ಉತ್ತರಿಸಿದ್ದರು. ಅವರಿಗೆ ಅಗೌರವದ ಉದ್ದೇಶ ಇರಲಿಲ್ಲವೆಂದು ನನಗೆ ಗೊತ್ತು. ಆದರೂ ಆ ಮಾತು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಟೈಪ್ ಮಾಡಿ ಮುಗಿಯುವ ವಿಷಯವಲ್ಲವಾದ್ದರಿಂದ ಧ್ವನಿ ಸಂದೇಶದಲ್ಲಿ ಹೇಳುತ್ತಿದ್ದೇನೆ, ಬಿಡುವಾದಾಗ ಪೂರ್ತಿ ಕೇಳಬೇಕೆಂದು ವಿನಂತಿ.

ಅಗಲಿದವರ ಹೆಸರನ್ನು ನಾವು ದಿನವೂ ಹೇಳುತ್ತಲೇ ಇದ್ದೇವೆ, ಆದರೆ ಅದು ಒಬ್ಬರ ಹೆಸರು ಎಂಬುದೇ ಮರೆತುಹೋಗಿದೆ. ಬೆಳ್ಳಿಯ ಪಂಚ್ ಮಾರ್ಕ್ ನಾಣ್ಯದ, ಅಂದರೆ ಬಿಡಿಬಿಡಿ ಮುದ್ರೆಗಳನ್ನು ಒತ್ತಿದ ಪ್ರಾಚೀನ ನಾಣ್ಯದ ಫೋಟೋ ಯಾರಾದರೂ ಹಾಕಿದರೆ, ‘ಇದರ ಜಿಎಚ್ ನಂಬರ್ ಎಷ್ಟು?’ ಎಂದು, ಅಂದರೆ ಪಟ್ಟಿಯ ಪುಸ್ತಕದಲ್ಲಿ ಅದರ ಸಂಖ್ಯೆ ಎಷ್ಟೆಂದು, ನಾವು ಮೊದಲು ಕೇಳುತ್ತೇವೆ. ಆ ‘ಜಿ’ ಎಂದರೆ ಪರಮೇಶ್ವರಿ ಲಾಲ್ ಗುಪ್ತ, ‘ಎಚ್’ ಎಂದರೆ ಅವರೊಡನೆ ದುಡಿದ ಟೆರಿ ಹಾರ್ಡೇಕರ್. ಆ ನಾಣ್ಯಗಳ ಮೇಲೆ ರಾಜನ ಹೆಸರಿಲ್ಲ, ಇಸವಿಯಿಲ್ಲ. ಸೂರ್ಯ, ಆರು ತೋಳಿನ ಚಿಹ್ನೆ, ಅವುಗಳ ಜೊತೆಗೆ ಬೇರೆ ಮೂರು, ಹೀಗೆ ಮುಖದ ಮೇಲೆ ಐದು ಮುದ್ರೆಗಳು ಮಾತ್ರ ಇರುತ್ತವೆ. ಯಾವ ಮುದ್ರೆಯ ಜೊತೆ ಯಾವ ಮುದ್ರೆ ಬರುತ್ತದೆ ಎಂದು ಒಂದೊಂದನ್ನೇ ನೋಡಿ, ವಿಂಗಡಿಸಿ, ಮಗಧ ಮತ್ತು ಮೌರ್ಯರ ಕಾಲದ, ಕಾರ್ಷಾಪಣ ಎಂದು ಕರೆಯುವ ಆ ನಾಣ್ಯಗಳಿಗೆ 1985ರಲ್ಲಿ ಅವರಿಬ್ಬರೂ ಒಂದು ಕ್ರಮ ಕೊಟ್ಟರು. ಅಲ್ಲಿಯವರೆಗೆ ನಮ್ಮಂಥವರ ಕೈಯಲ್ಲಿ ಅವು ಬರಿಯ ಬೆಳ್ಳಿಯ ತುಂಡುಗಳು. 1914ರಲ್ಲಿ ಹುಟ್ಟಿದ ಗುಪ್ತರು ಪಟ್ನಾ ವಸ್ತುಸಂಗ್ರಹಾಲಯದಲ್ಲಿ ಕ್ಯೂರೇಟರ್ ಆಗಿದ್ದವರು, ನಾಸಿಕ್ ಹತ್ತಿರದ ಅಂಜನೇರಿಯಲ್ಲಿರುವ ನಾಣ್ಯಶಾಸ್ತ್ರ ಸಂಶೋಧನಾ ಸಂಸ್ಥೆ 1980ರಲ್ಲಿ ಆರಂಭವಾದಾಗ ಅದರ ಬೆನ್ನೆಲುಬಾಗಿ ನಿಂತವರು. ಅವರು 2001ರಲ್ಲಿ ತೀರಿಕೊಂಡರು. ಆಧುನಿಕ ನಾಣ್ಯಗಳ ಪಟ್ಟಿಯ ಸಂಖ್ಯೆಯಾಗಿ ನಾವು ಹೇಳುವ ‘ಕೆಎಂ ನಂಬರ್’ ಕೂಡ ಹಾಗೆಯೇ: ಅದರ ‘ಕೆ’ ಅಮೆರಿಕದ ಅಯೋಲ ಎಂಬ ಸಣ್ಣ ಊರಿನ ಚೆಸ್ಟರ್ ಕ್ರೌಸ್, 2016ರಲ್ಲಿ ಅವರೂ ಹೊರಟುಹೋದರು.

ನಮ್ಮ ನಾಡಿಗೆ ಇನ್ನೂ ಹತ್ತಿರದವರು ವಾಲ್ಟರ್ ಎಲಿಯಟ್. ಅವರ ಕಥೆಯನ್ನು ನನಗೆ ಹೇಳಿದವರು ಮಾಸ್ತರರೇ. ಕಂಪನಿ ಸರ್ಕಾರದ ಎಳೆಯ ಅಧಿಕಾರಿಯಾಗಿ ಬಂದ ಎಲಿಯಟ್ 1824ರ ಕಿತ್ತೂರಿನ ಯುದ್ಧದಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿ, ಬಿಡುಗಡೆಯಾಗಿ, ಮುಂದೆ ಧಾರವಾಡದ ಸೀಮೆಯಲ್ಲೇ ವರ್ಷಗಟ್ಟಲೆ ಸುತ್ತಾಡಿ 600ರಷ್ಟು ಶಾಸನಗಳ ಪ್ರತಿ ಮಾಡಿಸಿದರು. ಜೊತೆಗೆ ದಕ್ಷಿಣದ ಹೊನ್ನು, ಹಣ, ಕಾಸು ಎಂಬ ಹಳೆಯ ನಾಣ್ಯಗಳನ್ನೂ ಕೂಡಿಸಿದರು. ಕಿತ್ತೂರಿನ ಅಭಿಮಾನ ನನಗೆ ಯಾರಿಗಿಂತಲೂ ಕಡಿಮೆಯಿಲ್ಲ, ಅವರು ಪರಕೀಯ ಸರ್ಕಾರದ ಅಧಿಕಾರಿ ಎಂಬುದನ್ನೂ ನಾನು ಮರೆಯುವುದಿಲ್ಲ. ಆದರೂ ಇಳಿವಯಸ್ಸಿನಲ್ಲಿ, ಸ್ಕಾಟ್‌ಲೆಂಡಿನ ತಮ್ಮ ಮನೆಯಲ್ಲಿ, ಕಣ್ಣು ಬಹುಪಾಲು ಹೋದ ಮೇಲೆ, ದಕ್ಷಿಣ ಭಾರತದ ನಾಣ್ಯಗಳ ಬಗೆಗಿನ ಪುಸ್ತಕವನ್ನು ಅವರು ಮುಗಿಸಿದರು ಎಂಬುದನ್ನು ಮಾಸ್ತರರು ಹೇಳುವಾಗ ಅವರ ದನಿ ಪ್ರತಿ ಸಲವೂ ಗದ್ಗದವಾಗುತ್ತಿತ್ತು. ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲೇ ಬರೆದಿರುವ ವಿಷ್ಣುವರ್ಧನನ ಹೊನ್ನು ಆ ಪುಸ್ತಕದಲ್ಲಿದೆ. ಅದು ಅಚ್ಚಾದದ್ದು 1886ರಲ್ಲಿ. ಮರುವರ್ಷ ಮಾರ್ಚ್ ತಿಂಗಳಲ್ಲಿ ಎಲಿಯಟ್ ತೀರಿಕೊಂಡರು.

ಇನ್ನು ನಮ್ಮ ಮಾಸ್ತರರ ವಿಷಯಕ್ಕೆ ಬರುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ನನಗೆ ಟಿಪ್ಪುವಿನ ಒಂದು ಆನೆ ಕಾಸು ಸಿಕ್ಕಿತ್ತು. ಮಾಸ್ತರರು ಬರೆದುಕೊಟ್ಟಿದ್ದ ಫಾರಸಿ ಅಂಕೆಗಳ ಪಟ್ಟಿಯನ್ನು ಇಟ್ಟುಕೊಂಡು ಅದರ ಇಸವಿಯನ್ನು 8121 ಎಂದು ಓದಿದೆ. ಟಂಕಸಾಲೆಯವರೇ ತಪ್ಪು ಮಾಡಿರಬೇಕೆಂದು ಅವರ ಮನೆಗೆ ಓಡಿದೆ. ಅವರು ನಗಲಿಲ್ಲ. ಟಿಪ್ಪು ತನ್ನ ಆಳ್ವಿಕೆಯ ಐದನೆಯ ವರ್ಷದಲ್ಲಿ ಹಿಜರಿ ಲೆಕ್ಕವನ್ನು ಬಿಟ್ಟು ಮೌಲೂದಿ ಎಂಬ ಲೆಕ್ಕವನ್ನು ಹಿಡಿದನೆಂದೂ, ಆಮೇಲೆ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಸಿದನೆಂದೂ, ಆದ್ದರಿಂದ ಇದು 1218 ಎಂದೂ ವಿವರಿಸಿದರು. ಅಷ್ಟಕ್ಕೇ ನಿಲ್ಲಿಸದೆ, ಮದ್ರಾಸು ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಹೆಂಡರ್ಸನ್ ಅವರು 1921ರಲ್ಲಿ ಪ್ರಕಟಿಸಿದ ಹೈದರ್ ಮತ್ತು ಟಿಪ್ಪು ನಾಣ್ಯಗಳ ಪುಸ್ತಕದ ಝೆರಾಕ್ಸ್ ಪ್ರತಿಯನ್ನು ಕಪಾಟಿನಿಂದ ತೆಗೆದು, ‘ಇದು ನನ್ನ ಜಾಣತನವಲ್ಲ, ತಮ್ಮಾ, ನನಗೆ ಇವರು ಕಲಿಸಿದ್ದು’ ಎಂದು ಆ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ, ಯಾರಿಂದ ತಿಳಿದದ್ದು ಎಂದು ಹೇಳದೆ ಅವರು ಒಂದು ಸಂಗತಿಯನ್ನೂ ಹೇಳಿದ್ದನ್ನು ನಾನು ಕೇಳಲಿಲ್ಲ. ಗತಿಸಿದವರನ್ನು ಅವರು ನೆನೆಯುತ್ತಿದ್ದ ಬಗೆ ಅದು.

ಅವರು ಪುಸ್ತಕ ಬರೆಯಲಿಲ್ಲ ಎಂಬುದು ನಿಜ, ಆದರೆ ಚೀಟಿಗಳನ್ನು ಬರೆದರು. ಒಂದೊಂದು ನಾಣ್ಯದ ಕವರಿನಲ್ಲೂ ಪೆನ್ಸಿಲ್ಲಿನ ಸಣ್ಣ ಅಕ್ಷರದ ಒಂದು ಚೀಟಿ: ‘ಹಾನಗಲ್ಲ ಸಂತೆ, ಗುಜರಿಯವನಿಂದ, 1978, ತೂಕ 11.2 ಗ್ರಾಂ, ಇನ್ನೂ ಮೂರು ಇದ್ದವು, ಕೊಳ್ಳಲು ಹಣ ಸಾಲಲಿಲ್ಲ.’ ಕೊಳ್ಳದ ಮೂರರ ಲೆಕ್ಕವನ್ನೂ ಅವರು ಬಿಡಲಿಲ್ಲ. ಇದರ ಬೆಲೆ ಏನೆಂದು ಕಿರಿಯರಿಗೆ ಅನಿಸಬಹುದು. 1891ರಲ್ಲಿ ಯಶವಂತಪುರದ ಬಳಿ ರೈಲ್ವೆ ಕೆಲಸ ನಡೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅಂಥದೇ ನಾಣ್ಯಗಳು ಯುರೋಪಿನ ಅಂಗಡಿಗಳಲ್ಲಿ ಬೇಕಾದಷ್ಟಿವೆ. ಯಶವಂತಪುರ ಎಂಬ ಒಂದು ಪದ ಅಂಟಿಕೊಂಡಿರುವುದರಿಂದಲೇ ಇವು ಎರಡು ಸಾವಿರ ವರ್ಷಗಳ ಹಿಂದಿನ ನಮ್ಮ ವ್ಯಾಪಾರಕ್ಕೆ ಸಾಕ್ಷಿಯಾಗಿವೆ. ಪುರಾತತ್ತ್ವ ವಿದ್ವಾಂಸ ಎಂ. ಎಚ್. ಕೃಷ್ಣ ಅವರು 1929ರಲ್ಲಿ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗೆಸಿದಾಗ ಸಿಕ್ಕ ಶಾತವಾಹನರ ಸೀಸದ ನಾಣ್ಯಗಳಿಗೂ ಇದೇ ಮಾತು ಸಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ಹಿರಿಯ ಸಂಗ್ರಾಹಕರು ತೀರಿಕೊಂಡಾಗ ನಾನು ಅವರ ಮನೆಗೆ ತಲುಪುವಷ್ಟರಲ್ಲಿ ತಡವಾಗಿತ್ತು. ನಾಣ್ಯಗಳನ್ನು ಕೊಂಡವರು ಕವರುಗಳನ್ನು ಹರಿದು, ತಾಮ್ರ, ಬೆಳ್ಳಿ ಎಂದು ರಾಶಿ ಮಾಡಿಕೊಂಡು ಹೋಗಿದ್ದರು. ಚೀಟಿಗಳು ಹಿತ್ತಲಿನ ಕಸದ ಬುಟ್ಟಿಯಲ್ಲಿ ಮಳೆಗೆ ನೆನೆದು ಮುದ್ದೆಯಾಗಿದ್ದವು. ಮನೆಯವರನ್ನು ನಾನು ದೂರುವುದಿಲ್ಲ, ಅವರಿಗೆ ಹೇಳಬೇಕಾಗಿದ್ದವರು ನಾವು. ಆ ಸಂಕಟ ಮತ್ತೆ ಬೇಡ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಹಾರ ಇರಲಿ, ಮೌನವೂ ಇರಲಿ. ಅದಾದ ಮೇಲೆ ನಮ್ಮಲ್ಲಿ ಹತ್ತು ಜನ ಮಾಸ್ತರರ ಹತ್ತು ಚೀಟಿಗಳನ್ನು ಗಟ್ಟಿಯಾಗಿ ಓದೋಣ, ಬೇರೆ ಭಾಷಣ ಬೇಡ. ಮಾಸ್ತರರ ಮನೆಯ ಅಕ್ಕನವರ ಜೊತೆ ಇಂದು ಬೆಳಿಗ್ಗೆ ಮಾತನಾಡಿದೆ. ವೈಕುಂಠ ಸಮಾರಾಧನೆ ಮುಗಿದ ಮೇಲೆ ನಾಣ್ಯಗಳ ಟ್ರಂಕು ತೆರೆಯಲು ಒಪ್ಪಿದ್ದಾರೆ. ನಾಣ್ಯಗಳನ್ನು ಇಟ್ಟುಕೊಳ್ಳುವುದೋ ಕೊಡುವುದೋ ಮನೆಯವರಿಗೆ ಬಿಟ್ಟದ್ದು. ಆದರೆ ಅದಕ್ಕೂ ಮೊದಲು ಒಂದೊಂದು ನಾಣ್ಯದ ಎರಡೂ ಮುಖಗಳ ಮತ್ತು ಅದರ ಚೀಟಿಯ ಫೋಟೋ ಒಟ್ಟಿಗೇ ಆಗಬೇಕು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಮಾಳಮಡ್ಡಿಯ ಅವರ ಮನೆಯಲ್ಲಿರುತ್ತೇನೆ. ಸ್ಪಷ್ಟವಾಗಿ ಫೋಟೋ ತೆಗೆಯಬಲ್ಲ ಇಬ್ಬರು, ಅವರ ಪೆನ್ಸಿಲ್ ಅಕ್ಷರ ಓದಬಲ್ಲ ಒಬ್ಬರು ಜೊತೆಗೆ ಬಂದರೆ ಸಾಕು. ಮಾಸ್ತರರು ಉಡುಗೊರೆಯಾಗಿ ಕೊಟ್ಟ ಕಾಸು ಯಾರ ಬಳಿಯಾದರೂ ಇದ್ದರೆ, ದಯವಿಟ್ಟು ಅದರ ಚೀಟಿಯನ್ನೂ ಹುಡುಕಿ ತನ್ನಿ.