ಅಪ್‌ಡೇಟ್: ಕೆರೆ ಗೋಡಿನ (ಕೆರೆ ತಳದ ಹೂಳು ಮಣ್ಣಿನ) ಇಟ್ಟಿಗೆ ಸೀಳೋದು ನಿಂತಿದೆ

ಹಸಿ ಇಟ್ಟಿಗೆ ಒಣಗೋವಾಗ್ಲೇ ಸೀಳ್ತಿದೆ, ಮಣ್ಣಿಗೆ ಏನ್ ಬೆರೆಸೋದು ಅಂತ ಕೇಳಿದ್ನಲ್ಲ, ನೀವು ಹೇಳ್ದಂಗೆ ನಾಲ್ಕು ಬುಟ್ಟಿ ಗೋಡಿಗೆ ಒಂದು ಬುಟ್ಟಿ ಸಣ್ಣ ಮರಳು ಹಾಕಿ ತುಳಿಸ್ದೆ, ಜಿಗುಟು ಕಮ್ಮಿ ಆಗಿ ಅಚ್ಚಿಂದ ಸಲೀಸಾಗಿ ಬಿಟ್ಕೊಳ್ತಿದೆ, ನೆರಳಲ್ಲಿ ಒಣಗಿಸಿದ್ಮೇಲೂ ಅಂಚು ಸೀಳಿಲ್ಲ. ಜಾಸ್ತಿ ಹಾಕ್ಬೇಡಿ, ಸುಟ್ಟ ಇಟ್ಟಿಗೆ ಉದುರುತ್ತೆ. ದಪ್ಪ ಮರಳಂತೂ ಬೇಡ್ವೇ ಬೇಡ, ಅದರಲ್ಲಿರೋ ಕ್ವಾರ್ಟ್ಜ್ ಅನ್ನೋ ಖನಿಜ ಸುಡೋವಾಗ 573 ಡಿಗ್ರಿ ಸೆಲ್ಸಿಯಸ್ ಹತ್ರ ದಿಢೀರ್ ಹಿಗ್ಗುತ್ತೆ, ಆರೋವಾಗ ಅಲ್ಲೇ ಕುಗ್ಗುತ್ತೆ, ಅದಕ್ಕೇ ಇಟ್ಟಿಗೆ ಸುಡೋ ಗೂಡನ್ನ ಅವಸರ ಮಾಡಿ ಬಿಚ್ಬಾರ್ದು. ಮಣ್ಣಲ್ಲಿ ಬಿಳಿ ಸುಣ್ಣದ ಹರಳು ಇದ್ರೆ ಜರಡಿ ಹಿಡಿದು ತೆಗೀರಿ, ಗೂಡಲ್ಲಿ ಬೆಂದ್ಮೇಲೆ ಅದು ತೇವ ಕುಡಿದು ಉಬ್ಬಿ ಇಟ್ಟಿಗೆ ಮುಖಾನೇ ಕಿತ್ತು ಹಾಕುತ್ತೆ. ಮರಳಿನ ಸಲಹೆ ಕೊಟ್ಟ ಅಣ್ಣಂಗೆ ತುಂಬಾ ಥ್ಯಾಂಕ್ಸ್, ಮುಂದಿನ ಗೂಡಿಗೆ ಕಲ್ಲುಪುಡಿ ಹಾಕಿ ನೋಡ್ತೀನಿ.